ಬೆಂಗಳೂರಿನ ಫ್ಲಾಟಿನಲ್ಲಿ ಹಸ್ಕಿ: ಬಿಸಿಲು ಒಂದೇನಾ ತೊಂದರೆ?

ಕಿರಣ_ಕನಕಪುರರೋಡ್

ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟು, ಆರನೇ ಮಹಡಿ. ನಾನು, ಹೆಂಡತಿ ಇಬ್ಬರೂ ಆಫೀಸಿಗೆ ಹೋಗ್ತೀವಿ. ಮಗಳು ಐದನೇ ಕ್ಲಾಸು. ಅವಳಿಗೆ ನೀಲಿ ಕಣ್ಣಿನ ಸೈಬೀರಿಯನ್ ಹಸ್ಕಿನೇ ಬೇಕಂತೆ, ಬೇರೆ ನಾಯಿ ತೋರಿಸಿದ್ರೆ ಮುಖ ತಿರುಗಿಸ್ತಾಳೆ. ಹೊಸಕೋಟೆ ಕಡೆ ಒಬ್ಬ ಬ್ರೀಡರ್ ನಲವತ್ತೈದು ಸಾವಿರ ಹೇಳ್ತಿದಾರೆ, ನೀಲಿ ಕಣ್ಣಿಗೆ ಐದು ಸಾವಿರ ಮೇಲೆ. "ಇಲ್ಲೇ ಹುಟ್ಟಿರೋ ಮರಿ ಸಾರ್, ಬೆಂಗಳೂರು ವೆದರ್‌ಗೆ ಸೆಟ್ ಆಗಿದೆ" ಅಂತಾರೆ. ಮನೇಲಿ ಒಂದು ರೂಮಿಗೆ ಏಸಿ ಇದೆ. ನನ್ನ ಪ್ರಶ್ನೆ ಇಷ್ಟೇ: ಏಪ್ರಿಲ್, ಮೇ ಬಿಸಿಲು ತಡ್ಕೊಳ್ಳುತ್ತಾ? ಅದಕ್ಕೊಂದು ದಾರಿ ಸಿಕ್ಕಿದ್ರೆ ಉಳಿದಿದ್ದು ನಾವು ನೋಡ್ಕೋತೀವಿ. ಸಾಕಿರೋರು ಹೇಳಿ, ದಯವಿಟ್ಟು ಬೈಬೇಡಿ.

ಚುರುಮುರಿ

ಬೈಯಲ್ಲ ಗುರು. ಬೇಡ ಅಂತ ಮಾತ್ರ ಹೇಳ್ತೀನಿ.

ಬನಶಂಕರಿ_ಅಕ್ಕ

ಕಿರಣ್ ಅವರೇ, ಬಿಸಿಲಿನ ವಿಷಯ ಡಾಕ್ಟರ್ ಯಾರಾದ್ರೂ ಬಂದು ಹೇಳ್ಲಿ. "ಉಳಿದಿದ್ದು ನೋಡ್ಕೋತೀವಿ" ಅಂದ್ರಲ್ಲ, ನಾನು ಅದರ ಬಗ್ಗೆ ಬರೀತೀನಿ. ಹಸ್ಕಿ ಅಂದ್ರೆ ಆ ಉಳಿದಿದ್ದೇ.

ನಮ್ಮನೇಲಿ ಶಂಭು ಇದಾನೆ. ನೆಲಮಹಡಿ, ಸ್ವಂತ ಮನೆ, ಸುತ್ತ ಕಾಂಪೌಂಡು, ಅತ್ತೆ ಮಾವ ಇಡೀ ದಿನ ಮನೇಲೇ ಇರ್ತಾರೆ. ಇಷ್ಟೆಲ್ಲ ಇದ್ದೂ ಅವನು ನಮ್ಮನ್ನ ಆಡಿಸ್ತಾನೆ.

ಇದು ಕಾವಲಿನ ನಾಯಿ ಅಲ್ಲವೇ ಅಲ್ಲ. ಗ್ಯಾಸ್ ಸಿಲಿಂಡರ್ ತರೋನು, ಕೇಬಲ್ಲಿನವನು, ಗಣೇಶನ ಚಂದಾ ಕೇಳೋಕೆ ಬಂದ ಹುಡುಗರು, ಯಾರೇ ಬರಲಿ, ಅಂಗಾತ ಬಿದ್ದು ಹೊಟ್ಟೆ ತೋರಿಸ್ತಾನೆ. ಕಳ್ಳ ಬಂದ್ರೆ ಬೀರು ಎಲ್ಲಿದೆ ಅಂತ ಇವನೇ ಕರ್ಕೊಂಡು ಹೋಗಿ ತೋರಿಸ್ತಾನೆ ಅಂತ ನಮ್ಮ ಮಾವ ಹೇಳ್ತಿರ್ತಾರೆ. ಬೊಗಳೋದು ಕಮ್ಮಿ. ಆದ್ರೆ ಊಳಿಡೋದಿದೆಯಲ್ಲ! ಬೆಳಗ್ಗೆ ಕಸದ ಆಟೋ ಹಾಡು ಹಾಕ್ಕೊಂಡು ನಮ್ಮ ಕ್ರಾಸಿಗೆ ತಿರುಗಿದ್ರೆ ಸಾಕು, ಕತ್ತು ಎತ್ತಿ ಶುರು ಹಚ್ಕೋತಾನೆ. ಆಟೋ ಮುಂದಿನ ರಸ್ತೆಗೆ ಹೋದ್ಮೇಲೂ ಇವನದ್ದು ಇನ್ನೊಂದು ಚರಣ ಬಾಕಿ ಇರುತ್ತೆ. ಬೈದ್ರೆ ಎದುರುತ್ತರ ಬೇರೆ, ಗಂಟಲೊಳಗೇ ಗುಳುಗುಳು ಅಂತ, ನಾವು ಒಂದು ಮಾತಾಡಿದ್ರೆ ಅವನೂ ಒಂದು. ನಮಗೆ ತಮಾಷೆ. ನಿಮ್ಮ ಮೇಲಿನ ಮನೆ, ಕೆಳಗಿನ ಮನೆಯವರಿಗೆ ತಮಾಷೆ ಅನ್ಸುತ್ತಾ ಯೋಚನೆ ಮಾಡಿ.

ಇನ್ನು, ಕರೆದ್ರೆ ಬರಲ್ಲ. ದಡ್ಡ ಅಂತಲ್ಲ, ಕೇಳಿಸ್ಕೊಂಡು, ಯೋಚನೆ ಮಾಡಿ, ಬೇಡ ಅಂತ ತೀರ್ಮಾನ ಮಾಡ್ತಾನೆ. ಈ ತಳಿ ಬೆಳೆದಿದ್ದು ಸೈಬೀರಿಯಾದ ಈಶಾನ್ಯ ತುದೀಲಿ, ಚುಕೋಟ್ಕಾದಲ್ಲಿ, ಚುಕ್ಚಿ ಜನರ ಕೈಯಲ್ಲಿ. ಹಗುರ ಸಾಮಾನು ಕಟ್ಟಿದ ಜಾರುಬಂಡಿ ಎಳ್ಕೊಂಡು ಕಮ್ಮಿ ಊಟದಲ್ಲಿ ಬಹಳ ದೂರ ಹೋಗೋದು ಅದರ ಕೆಲಸ. ಮುಂದೆ ಹೆಪ್ಪುಗಟ್ಟಿದ ನೀರು ತೆಳ್ಳಗಿದ್ರೆ ಒಡೆಯ "ನಡಿ" ಅಂದ್ರೂ ಮುಂದಾಳು ನಾಯಿ ನಿಲ್ಲಬೇಕು, ಇಲ್ಲ ಅಂದ್ರೆ ಎಲ್ಲರೂ ಮುಳುಗ್ತಾರೆ. ಹಾಗೆ ಸ್ವಂತ ಬುದ್ಧಿ ಓಡಿಸೋ ನಾಯಿಗಳನ್ನೇ ಆರಿಸಿ ಆರಿಸಿ ಬೆಳೆಸಿದ್ದು. ಚಳಿಗಾಲ ಮುಗಿದ್ಮೇಲೆ ಬಿಚ್ಚಿಬಿಡೋರಂತೆ, ಅವೇ ಬೇಟೆ ಆಡ್ಕೊಂಡು ಹೊಟ್ಟೆ ಹೊರ್ಕೋತಿದ್ವು. ಆ ಚಟ ಇನ್ನೂ ಹೋಗಿಲ್ಲ. ಬೆಕ್ಕು, ಅಳಿಲು, ಕೋಳಿ ಕಣ್ಣಿಗೆ ಬಿತ್ತೋ, ಮುಗೀತು. ಮನೇಲಿ ಮೊಲ, ಲವ್ ಬರ್ಡ್ಸ್ ಇದ್ರೆ ಈಗಲೇ ಹೇಳಿ.

ಗೇಟು ದಾಟೋದ್ರಲ್ಲಿ ಇವನನ್ನ ಮೀರಿಸೋರಿಲ್ಲ. ನಮ್ಮದು ಮೇಲಿಂದ ಕೆಳಗೆ ಬೀಳೋ ಕೊಂಡಿ. ಮೂತಿಯಲ್ಲಿ ಎತ್ತೋದು ಕಲಿತ. ಅದಕ್ಕೆ ಬೀಗ ಹಾಕಿದ್ವಿ. ರಸ್ತೇಲಿ ಒಳಚರಂಡಿ ಪೈಪ್ ಹಾಕೋಕೆ ಅಗೆದು ಮುಚ್ಚಿದ ಸಡಿಲ ಮಣ್ಣು ಗೇಟಿನ ಕೆಳಗೆ ಇತ್ತು, ಅದನ್ನ ಕೆರೆದು ಮೈ ತೂರಿಸೋ ಅಷ್ಟು ಗುಂಡಿ ಮಾಡಿದ. ಕಡೆಗೆ ಗೇಟಿನುದ್ದಕ್ಕೂ ಕಾಂಕ್ರೀಟ್ ಹಾಕಿಸಿದ್ವಿ. ಆರನೇ ಮಹಡಿ ಬಾಲ್ಕನಿಗೆ ಮಾಮೂಲಿ ಗ್ರಿಲ್ ಸಾಲದು, ಮೇಲಿನ ತನಕ ಜಾಲರಿ ಬೇಕು. ತಪ್ಪಿಸ್ಕೊಂಡ ಹಸ್ಕಿ ಮನೆ ಸುತ್ತ ಸುತ್ತಾಡ್ಕೊಂಡು ಇರಲ್ಲ, ಮೂತಿ ತಿರುಗಿದ ಕಡೆ ನೇರ ಓಡುತ್ತೆ. ನಿಮ್ಮ ಪಕ್ಕ ಕನಕಪುರ ರಸ್ತೆ, ಆ ಕಡೆ ನೈಸ್ ರೋಡು.

ರಾಗಿಮುದ್ದೆ_ರಂಗ

ಎಲ್ಲಾ ಹೆದರಿಸ್ತಾ ಇದೀರ. ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನ ಮಗ ಸಾಕಿದಾನೆ, ಎರಡು ಹೊತ್ತು ರಾಗಿ ಮುದ್ದೆ, ಮೊಸರು, ಜಮ್ ಅಂತ ಇದೆ. ಬೇಸಿಗೆ ಬಂತು ಅಂದ್ರೆ ಮೆಷಿನ್ನಲ್ಲಿ ಬೋಳಿಸಿಬಿಡ್ತಾನೆ, ತಂಪಾಗಿರುತ್ತೆ. ಇಷ್ಟೇ ವಿಷಯ.

ಹೆಬ್ಬಾಳದ_ವೆಟ್ಟು

ಪ್ರಾಕ್ಟೀಸ್ ಮಾಡೋ ಪಶುವೈದ್ಯ ನಾನು. ಮೂರು ವಿಷಯ ಒಟ್ಟಿಗೆ ಬಂದಿವೆ. ಬಿಸಿಲಿಂದ ಶುರು ಮಾಡ್ತೀನಿ, ಅದೇ ಉದ್ದ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ. ಪಾದದ ಮೆತ್ತೆಯಲ್ಲಿ ಸ್ವಲ್ಪ ಬೆವರುತ್ತೆ, ಅದು ಯಾವ ಲೆಕ್ಕಕ್ಕೂ ಇಲ್ಲ. ಮೈ ಬಿಸಿ ಇಳಿಸೋದು ಏದುಸಿರಿನಿಂದ. ನಾಲಿಗೆ, ಮೂಗಿನೊಳಗಿನ ತೇವ ಆವಿಯಾಗಬೇಕು, ಆಗ ಒಳಗಿನ ರಕ್ತ ತಣ್ಣಗಾಗುತ್ತೆ. ಗಾಳೀಲಿ ಆಗಲೇ ತೇವ ತುಂಬಿದ್ರೆ ಆವಿಯಾಗೋದು ನಿಧಾನ, ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗದ ಹಾಗೆ. ಅದಕ್ಕೇ ಒಣ ಬಿಸಿಲಿನ 34 ಡಿಗ್ರಿಗಿಂತ ಮಳೆ ಬಂದು ನಿಂತ ಮೇ ಸಂಜೆಯ ಕುದಿಸೋ ಸೆಕೆ ಕೆಲವು ಸಲ ಜಾಸ್ತಿ ಅಪಾಯ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಚೆನ್ನೈಗಿಂತ ವಾಸಿ, ಒಪ್ಪಿದೆ. ಆದ್ರೆ 2016ರ ಏಪ್ರಿಲ್‌ನಲ್ಲಿ ಇದೇ ಊರಲ್ಲಿ 39.2 ಡಿಗ್ರಿ ಆಗಿತ್ತು. ಇಲ್ಲಿ ಹುಟ್ಟಿದ ಮರಿ ಇಲ್ಲಿಗೆ "ಸೆಟ್" ಆಗಿರುತ್ತೆ ಅನ್ನೋದು ವ್ಯಾಪಾರದ ಮಾತು. ಮೈ ಸ್ವಲ್ಪ ಒಗ್ಗಿಕೊಳ್ಳೋದು ನಿಜ, ಆದ್ರೆ ಸಾವಿರಾರು ವರ್ಷ ಚಳಿಗೆ ಅಂತ ಬೆಳೆದ ಎರಡು ಪದರದ ಕೂದಲು ಹೊಸಕೋಟೆಯಲ್ಲಿ ಹುಟ್ಟಿದ ತಕ್ಷಣ ಮಾಯ ಆಗಲ್ಲ.

ನಾಯಿಯ ಮಾಮೂಲಿ ಮೈಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದ್ರೆ ಜೀವಕ್ಕೆ ಸಂಚಕಾರ. ಲಕ್ಷಣ: ನಿಲ್ಲದ ಏದುಸಿರು, ದಪ್ಪ ಅಂಟು ಜೊಲ್ಲು, ಕಡುಕೆಂಪು ಒಸಡು, ತೂರಾಟ, ವಾಂತಿ, ಭೇದಿ. ಕಂಡ್ರೆ ಮೊದಲು ತಣ್ಣಗೆ ಮಾಡಿ, ಆಮೇಲೆ ಗಾಡಿ ತೆಗೀರಿ. ನೆರಳಿಗೆ ತಂದು ಮೈಮೇಲೆ ನೀರು ಸುರೀರಿ, ಫ್ಯಾನ್ ಹಾಕಿ. ಒಂದು ವಿಷಯ ಯಾರೂ ಯೋಚಿಸಲ್ಲ: ಬೇಸಿಗೆ ಮಧ್ಯಾಹ್ನ ಓವರ್‌ಹೆಡ್ ಟ್ಯಾಂಕಿನ ನಲ್ಲಿ ತಿರುಗಿಸಿದ್ರೆ ಬರೋದು ಬಿಸಿನೀರು. ಸಂಪಿನ ನೀರು ತಗೊಳ್ಳಿ, ಇಲ್ಲಾ ಕುಡಿಯೋ ನೀರಿನ ಕ್ಯಾನ್ ಬಗ್ಗಿಸಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಬಿಸಿಯನ್ನ ಒಳಗೇ ಹಿಡಿಯುತ್ತೆ. ಬಲವಂತವಾಗಿ ಬಾಯಿಗೆ ನೀರು ಹುಯ್ಯಬೇಡಿ. ಎದ್ದು ಬಾಲ ಅಲ್ಲಾಡಿಸಿದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕಿಡ್ನಿ ಹಾಳಾಗೋದು, ರಕ್ತ ಹೆಪ್ಪುಗಟ್ಟೋದ್ರಲ್ಲಿ ಏರುಪೇರು, ಇವೆಲ್ಲ ಒಂದೆರಡು ದಿನ ಕಳೆದು ತಲೆ ಎತ್ತಬಹುದು.

ಬೋಳಿಸೋ ವಿಷಯ. ಕೂದಲೇ ಅದಕ್ಕೆ ಏಸಿ ಅಂತ ವಾಟ್ಸಾಪಲ್ಲಿ ಓಡಾಡುತ್ತೆ, ಅದೂ ಪೂರ್ತಿ ನಿಜ ಅಲ್ಲ. ಮೇಲ್ಗೂದಲು ನೇರ ಬಿಸಿಲಿನಿಂದ ಚರ್ಮ ಕಾಪಾಡುತ್ತೆ ಅಷ್ಟೇ, ನೆರಳಿನ ಸೆಕೆಯನ್ನ ತಣ್ಣಗೇನೂ ಮಾಡಲ್ಲ. ಬೋಳಿಸಬೇಡಿ ಅನ್ನೋಕೆ ಕಾರಣ ಬೇರೆ: ಉತ್ತರದ ಹಿಮನಾಡಿನ ತಳಿಗಳಲ್ಲಿ ಮೆಷಿನ್ ಹಾಕಿದ ಜಾಗದಲ್ಲಿ ಕೂದಲು ಎಷ್ಟೋ ತಿಂಗಳು ವಾಪಸ್ ಬರದೆ ಇರಬಹುದು, ಬಂದ್ರೂ ಒಳಗೂದಲು ಮೊದಲು ಬಂದು ತೇಪೆ ತೇಪೆ ಆಗುತ್ತೆ. ಸರಿಯಾದ ದಾರಿ ಅಂದ್ರೆ ಒಳಗೂದಲು ಬಾಚಿ ತೆಗೆಯೋದು. ಸತ್ತ ಕೂದಲು ಹೋದ್ರೆ ಗಾಳಿ ಚರ್ಮದ ತನಕ ಆಡುತ್ತೆ.

ಇನ್ನು ರಂಗ ಅವರ ಮುದ್ದೆ. ನಾನೂ ಮುದ್ದೆ ತಿಂದೇ ಬೆಳೆದೋನು, ಅದರ ಮೇಲೆ ಸಿಟ್ಟಿಲ್ಲ. ಆದ್ರೆ ಹಸ್ಕಿ, ಮಲಮ್ಯೂಟ್ ತಳಿಗಳಲ್ಲಿ ಸತುವನ್ನ, ಅಂದ್ರೆ ಜಿಂಕನ್ನ, ಕರುಳು ಸರಿಯಾಗಿ ಹೀರ್ಕೊಳ್ಳದ ವಂಶದ ತೊಂದರೆ ಕೆಲವಕ್ಕೆ ಇರುತ್ತೆ. ಕಣ್ಣಿನ ಸುತ್ತ, ಬಾಯಿ ಅಂಚಿಗೆ, ಪಾದದ ಮೆತ್ತೆ ಮೇಲೆ ಕೂದಲು ಉದುರಿ ಹಕ್ಕಳೆ ಕಟ್ಟುತ್ತೆ. ಧಾನ್ಯದಲ್ಲಿರೋ ಫೈಟೇಟ್ ಅನ್ನೋ ಅಂಶ ಮತ್ತು ಜಾಸ್ತಿ ಕ್ಯಾಲ್ಸಿಯಂ ಜಿಂಕನ್ನ ಇನ್ನೂ ಹಿಡಿದಿಟ್ಟುಬಿಡುತ್ತೆ. ರಾಗಿಯಲ್ಲಿ ಎರಡೂ ಇವೆ. ಜನ ಅದನ್ನ ಫಂಗಸ್ ಅಂತ ಅಂದ್ಕೊಂಡು ಮುಲಾಮು ಹಚ್ತಾ ಕೂರ್ತಾರೆ. ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಿದ್ರೆ ಗೊತ್ತಾಗುತ್ತೆ. ಹಾಗಂತ ನೀವೇ ಮೆಡಿಕಲ್ ಶಾಪಲ್ಲಿ ಜಿಂಕ್ ಮಾತ್ರೆ ತಂದು ಕೊಡಬೇಡಿ, ಜಾಸ್ತಿ ಆದ್ರೆ ಅದೇ ವಿಷ. ಮುಖ್ಯ ಊಟ ಮಾಂಸ, ಮೊಟ್ಟೆ, ಇಲ್ಲಾ ಒಳ್ಳೇ ಡಾಗ್ ಫುಡ್ ಆಗಿರಲಿ. ಹುಳಿ, ಸಾರು ಕಲಸಬೇಡಿ, ಈರುಳ್ಳಿ ಬೆಳ್ಳುಳ್ಳಿ ಅವಕ್ಕೆ ಆಗಲ್ಲ.

ರಾಗಿಮುದ್ದೆ_ರಂಗ

ಸರಿ ಡಾಕ್ಟ್ರೇ. ಅವನ ನಾಯಿಗೆ ಕಣ್ಣಿನ ಸುತ್ತ ಕನ್ನಡಕ ಹಾಕಿದಂಗೆ ಕೂದಲಿಲ್ಲ, ಅದು "ಸ್ಟೈಲು" ಅಂದ್ಕೊಂಡಿದ್ವಿ. ಫೋನ್ ಮಾಡ್ತೀನಿ ಈಗಲೇ.

ಮುಧೋಳ_ಮಂದಿ

ಅಲ್ರೀ ಕಿರಣ ಸರ್, ನಮ್ಮ ಮುಧೋಳ ನಾಯಿ ಇರಬೇಕಾದ್ರ ಸೈಬೀರಿಯಾಕ್ಕ ಯಾಕ ಹೊಂಟೀರಿ? ನಮ್ಮ ಕಡೆ ಬ್ಯಾಸಿಗ್ಯಾಗ ನಲವತ್ತು ಡಿಗ್ರಿ ಬಿಸಲ ಹೊಡೀತೈತಿ, ನಾಯಿ ಆರಾಮ ಹೊಲದಾಗ ಅಡ್ಯಾಡತೈತಿ. ಸಣ್ಣ ಕೂದಲಾ, ತೆಳ್ಳನ ಮೈ, ಮನ್ಯಾಗ ಕೂದಲಾ ಹಾರಾಡೂ ಕಾಟ ಇಲ್ಲ. ತಿಮ್ಮಾಪುರದಾಗ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನಾ ಕೇಂದ್ರನ ಐತಿ. 2005ರಾಗ ಅಂಚೆ ಚೀಟಿ ಮ್ಯಾಲ ಬಂದ ನಾಯಿ ಇದು. ಫೌಜಿನಾಗೂ ತಗೊಂಡಾರ. ಮಗಳಿಗೆ ತೋರಸ್ರಿ ಒಮ್ಮೆ.

ಬನಶಂಕರಿ_ಅಕ್ಕ

ಮುಧೋಳ ಅಣ್ಣಾ, ನಾಯಿ ಚಿನ್ನ, ಎರಡು ಮಾತಿಲ್ಲ. ಬಿಸಿಲಿನ ಪ್ರಶ್ನೆಗೆ ಅದು ಉತ್ತರವೂ ಹೌದು. ಆದ್ರೆ ಅದೂ ಓಡೋ ನಾಯಿ, ಅಪರಿಚಿತರು ಮುಟ್ಟಿದ್ರೆ ಸಹಿಸಲ್ಲ, ಲಿಫ್ಟಿನಲ್ಲಿ ದಿನಾ ಹತ್ತು ಜನ ಬಂದು ತಲೆ ಸವರ್ತಾರೆ. ಖಾಲಿ ಫ್ಲಾಟಿನಲ್ಲಿ ಕಟ್ಟಿಹಾಕಿದ್ರೆ ಅದರ ಪಾಡೂ ಅಷ್ಟೇ.

ಮುಧೋಳ_ಮಂದಿ

ಹೌದ್ರೀ ಅಕ್ಕಾರ, ಅದಂತೂ ಖರೆ.

ಎಚ್‌ಎಸ್‌ಆರ್_ಹಸ್ಕಿಪ್ಪ

ಫ್ಲಾಟಲ್ಲಿ ಹಸ್ಕಿ ಸಾಕಿರೋನು ನಾನೊಬ್ಬ ಬಾಯಿ ಬಿಡದೆ ಹೋದ್ರೆ ಆಗಲ್ಲ ಅನ್ಸ್ತು. ಆಗಲ್ಲ ಅನ್ನೋದು ಸುಳ್ಳು. ಆಗುತ್ತೆ. ಹೇಗೆ ಆಗುತ್ತೆ ಅಂತ ಹೇಳ್ತೀನಿ, ನಿಮ್ಮ ಮನೆಗೆ ಹೊಂದುತ್ತಾ ನೀವೇ ನೋಡಿ.

ನಾನು ಮನೆಯಿಂದಲೇ ಕೆಲಸ ಮಾಡೋನು. ಏಳೋದು ನಾಲ್ಕು ಮುಕ್ಕಾಲಿಗೆ. ಐದರಿಂದ ಆರೂವರೆ ತನಕ ಓಟ, ನಡಿಗೆ ಅಲ್ಲ. ಎದೆಗೆ ಹಾಕೋ ಹಾರ್ನೆಸ್, ನನ್ನ ಸೊಂಟಕ್ಕೆ ಬೆಲ್ಟು, ನಡುವೆ ಹಿಗ್ಗೋ ಹಗ್ಗ. ನನ್ನ ಹೆಣ್ಣು ಹಸ್ಕಿ ಎಳೀತಾಳೆ, ನಾನು ಹಿಂದೆ. ಎಳೆಯೋದನ್ನ ಬಿಡಿಸೋಕೆ ವರ್ಷಗಟ್ಟಲೆ ಒದ್ದಾಡೋದಕ್ಕಿಂತ ಎಳೆಯೋದಕ್ಕೇ ಒಂದು ಹೊತ್ತು ಕೊಟ್ಟುಬಿಡೋದು ವಾಸಿ. ಕತ್ತಿನ ಕಾಲರ್ ಹಾಕಿದ್ರೆ ಎಳೆಯಂಗಿಲ್ಲ, ಹಾರ್ನೆಸ್ ಹಾಕಿದ್ರೆ ಎಳೆಯೋದು, ಈ ವ್ಯತ್ಯಾಸ ಅವಕ್ಕೆ ಬೇಗ ಅರ್ಥ ಆಗುತ್ತೆ. ಮೂಳೆ ಬಲಿಯೋ ತನಕ, ಅಂದ್ರೆ ಒಂದೂವರೆ ವರ್ಷದ ತನಕ, ಭಾರ ಎಳೆಸಬೇಡಿ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ 15, 16 ಡಿಗ್ರಿ ಇರುವಾಗ ಅವಳನ್ನ ನೋಡ್ಬೇಕು, ಬೇರೆಯೇ ನಾಯಿ. ಬೇಸಿಗೇಲಿ ಏಳು ಗಂಟೆ ಮೇಲೆ ಹೊರಗೆ ಕಾಲಿಡಿಸಲ್ಲ. ಸಂಜೆ ಟಾರ್ ರಸ್ತೆಗೆ ಅಂಗೈ ಹಿಂಭಾಗ ಇಟ್ಟು ಏಳು ಎಣಿಸ್ತೀನಿ, ಎಣಿಸೋಕೆ ಆಗದೆ ಹೋದ್ರೆ ಅವಳ ಪಾದಕ್ಕೂ ಆಗಲ್ಲ.

ಹಗಲೆಲ್ಲ ಮಲಗಿರ್ತಾಳೆ, ಬಾತ್‌ರೂಮಿನ ಟೈಲ್ಸ್ ಮೇಲೆ, ಏಸಿ ಇದ್ದ ರೂಮಿಗಿಂತ ಅದೇ ಇಷ್ಟ. ಮಧ್ಯಾಹ್ನ ತಲೆಗೆ ಕೆಲಸ ಕೊಡ್ತೀನಿ: ಕೋಳಿ ಸೂಪು ಹೆಪ್ಪುಗಟ್ಟಿಸಿದ ಡಬ್ಬಿ, ಹಳೇ ಚಾದರದೊಳಗೆ ಸುತ್ತಿಟ್ಟ ತಿಂಡಿ. ಉಪ್ಪು, ಈರುಳ್ಳಿ ಇಲ್ಲದ ಸೂಪು ಆಗಿರಬೇಕು. ಗೃಹಜ್ಯೋತಿ ಮರ್ತುಬಿಡಿ, ಏಸಿ ಓಡಿದ ತಿಂಗಳು 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಬರುತ್ತೆ. ಊಟ, ವ್ಯಾಕ್ಸಿನ್, ಉಣ್ಣೆ ಹುಳದ ಔಷಧಿ ಎಲ್ಲ ಸೇರಿ ತಿಂಗಳಿಗೆ ಎಂಟು ಸಾವಿರ ಇಟ್ಕೊಳ್ಳಿ. ಊರಿಗೆ ಹೋಗ್ಬೇಕಾದ್ರೆ ಬೋರ್ಡಿಂಗ್ ಬೇರೆ.

ಕಿರಣ_ಕನಕಪುರರೋಡ್

ಹಸ್ಕಿಪ್ಪ ಸರ್, ಥ್ಯಾಂಕ್ಸ್. ನಿಮ್ಮದು ಓದಿ ಸ್ವಲ್ಪ ಧೈರ್ಯ ಬಂತು. ನಾವು ವಾರದಲ್ಲಿ ಮೂರು ದಿನ ಆಫೀಸು, ಬೆಳಗ್ಗೆ ಎಂಟೂವರೆಗೆ ಬಿಟ್ರೆ ಸಂಜೆ ಏಳು. ಮಗಳು ಸ್ಕೂಲು ಮುಗಿಸಿ ಡೇಕೇರ್‌ಗೆ ಹೋಗ್ತಾಳೆ. ಏಸಿ ಆನ್ ಮಾಡಿಟ್ಟು, ನೀರಿಟ್ಟು, ಮಧ್ಯಾಹ್ನ ಡಾಗ್ ವಾಕರ್ ಒಬ್ರನ್ನ ಇಟ್ರೆ?

ಎಚ್‌ಎಸ್‌ಆರ್_ಹಸ್ಕಿಪ್ಪ

ನಾನು ಸಾಕ್ತಿರೋನೇ ಹೇಳ್ತಿದೀನಿ ಸರ್, ಅದು ಆಗಲ್ಲ. ಮೇ ತಿಂಗಳ ಮಧ್ಯಾಹ್ನ ಗುಡುಗು ಶುರುವಾದ ತಕ್ಷಣ ಕರೆಂಟು ಹೋಗುತ್ತೆ. ನಿಮ್ಮ ಜನರೇಟರ್ ಏಸಿ ಲೈನಿಗೆ ಕೊಡುತ್ತಾ, ಕೇಳಿ ನೋಡಿ. ಬಹಳಷ್ಟು ಅಪಾರ್ಟ್‌ಮೆಂಟಲ್ಲಿ ಕೊಡೋದು ಲೈಟು, ಫ್ಯಾನು, ಫ್ರಿಜ್ಜಿಗೆ. ಕಿಟಕಿ ಮುಚ್ಚಿದ ರೂಮು, ಏಸಿ ಆಫ್, ಒಳಗೆ ಹಸ್ಕಿ, ನೀವು ಔಟರ್ ರಿಂಗ್ ರೋಡ್ ಟ್ರಾಫಿಕ್ಕಲ್ಲಿ. ಬಿಸಿಲು ತಡ್ಕೊಳ್ಳುತ್ತಾ ಅಂತ ಕೇಳಿದ್ರಲ್ಲ, ಮನೇಲಿ ಒಬ್ರು ಇದ್ರೆ ತಡ್ಕೊಳ್ಳುತ್ತೆ. ಇಲ್ಲದಿದ್ರೆ ಇಲ್ಲ.

ಬನಶಂಕರಿ_ಅಕ್ಕ

ಹತ್ತು ಗಂಟೆ ಒಂಟಿಯಾಗಿ ಬಿಟ್ರೆ ಬಿಸಿಲಿಲ್ಲದ ಡಿಸೆಂಬರಲ್ಲೂ ಕಷ್ಟವೇ. ಗುಂಪಲ್ಲಿ ಮಲಗಿ, ಗುಂಪಲ್ಲಿ ಓಡಿ ಬೆಳೆದ ಜಾತಿ. ಶಂಭುವನ್ನ ಒಂದು ಮದುವೆಗೆ ಅಂತ ಅರ್ಧ ದಿನ ಬಿಟ್ಟು ಹೋದಾಗ ಸೋಫಾದ ಒಂದು ಕೈ ಇರಲಿಲ್ಲ. ಹರಿದಿದ್ದಲ್ಲ, ಇರಲಿಲ್ಲ. ಒಳಗಿನ ಸ್ಪಂಜು ವರಾಂಡಾ ತನಕ ಹರಡಿತ್ತು, ಅದರ ನಡುವೆ ಇವನು ಹಾಯಾಗಿ ಮಲಗಿದ್ದ.

ಅಸೋಸಿಯೇಷನ್_ಅಂಕಲ್

ನಾನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಆ ಕಡೆಯಿಂದ ಎರಡು ಮಾತು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಸಂಘದವರು ನಾಯಿ ಸಾಕೋದನ್ನ ನಿಷೇಧ ಮಾಡೋ ಹಾಗಿಲ್ಲ, ಬಹುಮತ ಇದ್ರೂ ಇಲ್ಲ. ಲಿಫ್ಟು ಬಳಸಬೇಡಿ ಅನ್ನೋ ಹಾಗೂ ಇಲ್ಲ. 2018ರಲ್ಲಿ ಬಿಬಿಎಂಪಿ ಫ್ಲಾಟಿಗೆ ಒಂದೇ ನಾಯಿ ಅಂತ ಬೈಲಾ ತಂದು ಗಲಾಟೆ ಆಗಿ ಹಿಂದೆ ತಗೊಂಡಿದ್ದು ನೆನಪಿರಬಹುದು. 2024ರ ಮಾರ್ಚ್‌ನಲ್ಲಿ ಕೇಂದ್ರದವರು 23 ತಳಿ ಅಪಾಯಕಾರಿ ಅಂತ ಸುತ್ತೋಲೆ ಕಳಿಸಿದ್ರು, ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡ್ತು. ಆ ಪಟ್ಟೀಲೂ ಹಸ್ಕಿ ಇರಲಿಲ್ಲ. ಆದ್ರೂ ನಮ್ಮ ಸೆಕ್ಯೂರಿಟಿ ಹುಡುಗ ಹಸ್ಕಿ ಕಂಡ್ರೆ ಈಗಲೂ "ಸಾರ್, ತೋಳ" ಅಂತಲೇ ಇಂಟರ್‌ಕಾಮ್ ಮಾಡೋದು.

ಪಾಲಿಕೆ ಲೈಸೆನ್ಸ್, ರೇಬಿಸ್ ಲಸಿಕೆ ಕಾರ್ಡು ಇಟ್ಕೊಳ್ಳಿ, ಯಾರೂ ಏನೂ ಅನ್ನಲ್ಲ. ಕಾನೂನು ನಿಮ್ಮ ಕಡೆ ಇದೆ, ಆದ್ರೆ ಪಕ್ಕದ ಮನೇಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗೋ ಹುಡುಗಿ ಇದ್ರೆ ಅವಳ ಮುಖ ನೀವೇ ನೋಡ್ಬೇಕು.

ಚುರುಮುರಿ

ಯಾರಾದ್ರೂ ಕೂದಲಿನ ಬಗ್ಗೆ ಹೇಳಿ. ನನ್ನ ರೂಮ್‌ಮೇಟ್ ತಂದಿದ್ದ ಒಂದು, ಮೂರು ಮನೆ ಬದಲಾಯಿಸಿದ್ರೂ ನನ್ನ ಸ್ವೆಟರಲ್ಲಿ ಇನ್ನೂ ಸಿಗುತ್ತೆ.

ಬನಶಂಕರಿ_ಅಕ್ಕ

ಹಾಂ, ಅದೊಂದು ಬಿಟ್ಟೇ ಹೋಗಿತ್ತು. ವರ್ಷವಿಡೀ ಸ್ವಲ್ಪ ಉದುರುತ್ತೆ, ಸುಮಾರು ವರ್ಷಕ್ಕೆರಡು ಸಲ ಒಳಗೂದಲು ಒಟ್ಟಿಗೇ ಬಿಟ್ಕೊಳ್ಳುತ್ತೆ. ಆಗ ತೊಡೆ ಹಿಂದೆ, ಕತ್ತಿನ ಪಕ್ಕ ಬಿಳಿ ಕುಚ್ಚು ಎದ್ದು ನಿಂತಿರುತ್ತೆ. ಎರಡು ಬೆರಳಲ್ಲಿ ಹಿಡಿದು ಎಳೆದ್ರೆ ನೋವಿಲ್ಲದೆ ಹಿಡಿಗಟ್ಟಲೆ ಬರುತ್ತೆ, ಅಡೀಲಿ ಇನ್ನೊಂದು ಕುಚ್ಚು ರೆಡಿ. ಅಂಡರ್‌ಕೋಟ್ ರೇಕ್ ಅಂತ ಉದ್ದ ಹಲ್ಲಿನ ಬಾಚಣಿಗೆ ಸಿಗುತ್ತೆ, ಅದರಲ್ಲಿ ಟೆರೇಸ್ ಮೇಲೆ ದಿನಾ ಅರ್ಧ ಗಂಟೆ. ಫ್ಲಾಟಲ್ಲಿ ಬಾಲ್ಕನೀಲಿ ಬಾಚಿದ್ರೆ ಕೆಳಗಿನ ಮನೆಯವರ ಹಪ್ಪಳದ ಮೇಲೆ ಕೂರುತ್ತೆ, ಜಗಳ ಗ್ಯಾರಂಟಿ. ವಾಷಿಂಗ್ ಮೆಷಿನ್ ಫಿಲ್ಟರು, ಬಾತ್‌ರೂಮಿನ ಜಾಲಿ ವಾರಕ್ಕೊಮ್ಮೆ ಬಿಚ್ಚಿ ತೆಗೀಬೇಕು.

ಸ್ನಾನ ಪದೇ ಪದೇ ಬೇಡ, ವಾಸನೆ ಬರೋ ನಾಯಿ ಅಲ್ಲ ಇದು, ಬೆಕ್ಕಿನ ಥರ ತನ್ನ ಮೈ ತಾನೇ ನೆಕ್ಕಿಕೊಳ್ಳುತ್ತೆ. 2024ರ ಬೇಸಿಗೇಲಿ ನಮ್ಮ ಬೋರ್ ಬತ್ತಿ ಟ್ಯಾಂಕರ್ ನೀರಿಗೆ ಕಾಯ್ತಿದ್ವಲ್ಲ, ಬರೀ ಬಾಚಿಕೊಂಡೇ ಕಾಲ ತಳ್ಳಿದ್ವಿ, ಏನೂ ಆಗ್ಲಿಲ್ಲ. ಮಾಡಿಸಿದ್ರೆ ಮಾತ್ರ ಬುಡದ ತನಕ ಒಣಗಿಸಬೇಕು. ಮೇಲೆ ಮುಟ್ಟಿದ್ರೆ ಒಣಗಿದೆ ಅನ್ಸುತ್ತೆ, ಒಳಗೆ ಬೆರಳು ಇಳಿಸಿದ್ರೆ ಒದ್ದೆ. ಜುಲೈ, ಆಗಸ್ಟ್ ಮಳೇಲಿ ಹಾಗೇ ಬಿಟ್ರೆ ಎರಡೇ ದಿನಕ್ಕೆ ಕೆಂಪು ಹುಣ್ಣು.

ಹೆಬ್ಬಾಳದ_ವೆಟ್ಟು

ಅದರ ಜೊತೆ ರಕ್ತ ಹೀರೋ ಉಣ್ಣೆ ಹುಳ. ಅಷ್ಟು ದಟ್ಟ ಕೂದಲಲ್ಲಿ ಕಣ್ಣಿಗೆ ಬೀಳಲ್ಲ, ಬೆರಳಲ್ಲೇ ಹುಡುಕಬೇಕು. ಕಿವಿ ಒಳಮಡಿಕೆ, ಕಾಲ್ಬೆರಳ ಸಂದಿ, ಕಾಲರ್ ಕೆಳಗೆ. ಬೆಂಗಳೂರಲ್ಲಿ ಉಣ್ಣೆ ಹುಳದಿಂದ ಹರಡೋ ಎರ್ಲಿಕಿಯಾ, ಬೇಬಿಸಿಯಾ ಕಾಯಿಲೆಗಳನ್ನ ವರ್ಷವಿಡೀ ನೋಡ್ತೀವಿ. ಊಟ ಬಿಟ್ಟು ಮಂಕಾಗಿ ಜ್ವರ ಬಂದ್ರೆ "ಬಿಸಿಲಿಗೆ ಸುಸ್ತಾಗಿದೆ" ಅಂತ ಕಾಯಬೇಡಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ ಇಳಿದು ಮೂಗಿಂದ ರಕ್ತ ಬಂದ ಮೇಲೆ ಕರ್ಕೊಂಡು ಬರೋರೇ ಜಾಸ್ತಿ.

ಮಗಳ ನೀಲಿ ಕಣ್ಣಿನ ಬಗ್ಗೆಯೂ ಹೇಳಿಬಿಡ್ತೀನಿ. ಈ ತಳಿಯಲ್ಲಿ ಕಂದು, ನೀಲಿ, ಒಂದೊಂದು ಒಂದೊಂದು ಬಣ್ಣ, ಎಲ್ಲವೂ ಸಹಜ. ಹಸ್ಕಿಯ ನೀಲಿಗೆ ಎಎಲ್‌ಎಕ್ಸ್4 ಅನ್ನೋ ಜೀನ್ ಹತ್ತಿರದ ಒಂದು ಬದಲಾವಣೆಗೆ ನಂಟಿದೆ ಅಂತ 2018ರಲ್ಲಿ ಗೊತ್ತಾಯ್ತು, ಕಾಯಿಲೆ ಅಲ್ಲ. ಆದ್ರೆ ಕಣ್ಣು ತೆರೆದ ಹೊಸತರಲ್ಲಿ ಎಲ್ಲ ನಾಯಿಮರಿಗಳ ಕಣ್ಣೂ ನೀಲಿ ಛಾಯೆಯೇ. ನಾಲ್ಕು ವಾರದ ಮರಿಯ ಫೋಟೋ ಕಳಿಸಿ ಐದು ಸಾವಿರ ಮೇಲೆ ಕೇಳೋರಿಗೆ ಅದು ಚೆನ್ನಾಗಿ ಗೊತ್ತು. ಕಣ್ಣಿನ ಬಣ್ಣ ಬಿಟ್ಟು ಕಣ್ಣಿನ ಆರೋಗ್ಯ ಕೇಳಿ. ಸಣ್ಣ ವಯಸ್ಸಿಗೇ ಪೊರೆ, ಕಾರ್ನಿಯಾ ಮಸುಕಾಗೋದು, ರೆಟಿನಾ ಸವೆಯೋದು ಈ ತಳಿಯಲ್ಲಿ ವಂಶದಲ್ಲೇ ಬರುತ್ತೆ. ತಂದೆ ತಾಯಿ ನಾಯಿಗಳ ಕಣ್ಣು ಪರೀಕ್ಷೆ ಮಾಡಿಸಿದ ಕಾಗದ ತೋರಿಸಿ ಅನ್ನಿ.

ಗೂಡು_ತಪ್ಪಿದವರು

ನಾನು ನಾಯಿಗಳ ಒಂದು ಆಶ್ರಯಧಾಮದಲ್ಲಿ ವಾರಾಂತ್ಯ ಕೆಲಸ ಮಾಡ್ತೀನಿ. ನಮ್ಮಲ್ಲಿಗೆ ಬರೋ ಹಸ್ಕಿಗಳ ವಯಸ್ಸು ನೋಡಿದ್ರೆ ಕಥೆ ಗೊತ್ತಾಗುತ್ತೆ: ಹೆಚ್ಚಿನವು ಒಂದರಿಂದ ಎರಡು ವರ್ಷ. ಮರಿ ಮುದ್ದು ಮುಗಿದು, ಊಳಿಡೋದು ಶುರುವಾಗಿ, ಒಂದು ಬೇಸಿಗೆ ಕಳೆದ ಮೇಲೆ ಬರ್ತವೆ. "ಆನ್‌ಸೈಟ್ ಹೋಗ್ತಿದೀವಿ", "ಓನರ್ ಒಪ್ತಿಲ್ಲ", "ಮಗುಗೆ ಅಲರ್ಜಿ". ಕೆಲವರು ಅದನ್ನೂ ಹೇಳಲ್ಲ, ರಾತ್ರಿ ಗೇಟಿಗೆ ಕಟ್ಟಿ ಹೋಗ್ತಾರೆ. ಹನ್ನೆರಡರಿಂದ ಹದಿನಾಲ್ಕು ವರ್ಷ ಬದುಕೋ ಪ್ರಾಣಿ ಕಣ್ರೀ ಅದು.

ಬ್ರೀಡರ್ ಹತ್ರ ಹೋಗೋದೇ ಆದ್ರೆ ಇಷ್ಟು ಕೇಳಿ. 2017ರ ನಿಯಮದ ಪ್ರಕಾರ ಅವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಎಂಟು ವಾರಕ್ಕಿಂತ ಚಿಕ್ಕ ಮರಿ ಮಾರಂಗಿಲ್ಲ. "ಇಂಪೋರ್ಟೆಡ್ ಲೈನ್" ಅಂದ್ರೆ ನಕ್ಕುಬಿಡಿ, ಮಾರಾಟಕ್ಕೆ ಮರಿ ಮಾಡಿಸೋಕೆ ವಿದೇಶಿ ನಾಯಿ ತರೋದನ್ನ 2016ರಲ್ಲೇ ನಿಲ್ಲಿಸಿದಾರೆ. ತಾಯಿ ನಾಯಿಯನ್ನ ಅದಿರೋ ಜಾಗದಲ್ಲೇ ನೋಡ್ಬೇಕು ಅನ್ನಿ. ಪೆಟ್ರೋಲ್ ಬಂಕ್ ಹತ್ರ ಬನ್ನಿ, ಅಲ್ಲಿ ಮರಿ ಕೊಡ್ತೀನಿ ಅಂದ್ರೆ ಗಾಡಿ ತಿರುಗಿಸಿ. ದೀಪಾವಳಿ ಪಟಾಕಿಗೆ ಹೆದರಿ ಓಡಿಹೋದ ಹಸ್ಕಿಗಳನ್ನ ಪ್ರತಿ ವರ್ಷ ಹುಡುಕ್ತೀವಿ, ಮೈಕ್ರೋಚಿಪ್ ಇದ್ದವು ಮಾತ್ರ ಸಲೀಸಾಗಿ ಮನೆ ಸೇರ್ತವೆ.

ಬಾಲ್ಟೋ_ಭಕ್ತ

ನಡುವೆ ಬಾಯಿ ಹಾಕ್ತೀನಿ, ಎಲ್ಲರೂ ದೂರು ಹೇಳ್ತಿದೀರ, ಆ ನಾಯಿ ಮಾಡಿದ ಕೆಲಸವನ್ನೂ ಹೇಳ್ಬೇಕಲ್ಲ. 1925ರ ಜನವರೀಲಿ ಅಲಾಸ್ಕಾದ ನೋಮ್ ಊರಲ್ಲಿ ಮಕ್ಕಳಿಗೆ ಗಂಟಲುಮಾರಿ ಬಂತು, ಅದೇ ಡಿಫ್ತೀರಿಯಾ. ಔಷಧಿ ರೈಲಲ್ಲಿ ನೆನಾನಾ ತನಕ ಬಂತು, ಅಲ್ಲಿಂದ ಸುಮಾರು 1,085 ಕಿಲೋಮೀಟರ್ ಬರೀ ಹಿಮ. ಇಪ್ಪತ್ತು ಜಾರುಬಂಡಿ ಚಾಲಕರು, ನೂರೈವತ್ತರಷ್ಟು ನಾಯಿಗಳು ಕೈಯಿಂದ ಕೈಗೆ ದಾಟಿಸಿ ಐದೂವರೆ ದಿನದಲ್ಲಿ ತಲುಪಿಸಿದ್ರು. ಕೊನೇ ಹಂತ ಓಡಿದ ಬಾಲ್ಟೋಗೆ ಅದೇ ವರ್ಷ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಲ್ಲಿ ಪ್ರತಿಮೆ ನಿಂತಿತು. ಹೆಸರು ನನ್ನದಾದ್ರೂ ನ್ಯಾಯ ಹೇಳ್ತೀನಿ: ಎಲ್ಲರಿಗಿಂತ ಉದ್ದದ, ಅಪಾಯದ ದಾರಿ ಓಡಿದ್ದು ಚಾಲಕ ಲಿಯೊನ್‌ಹಾರ್ಡ್ ಸೆಪ್ಪಾಲಾ ಅವರ ಟೋಗೊ. ಹನ್ನೆರಡು ವರ್ಷದ ಸಣ್ಣ ಮೈಯ ನಾಯಿ.

ಎಚ್‌ಎಸ್‌ಆರ್_ಹಸ್ಕಿಪ್ಪ

ಗಮನಿಸಿ, ಹನ್ನೆರಡು ವರ್ಷದ ಮುದುಕ. ಅದರ ಎರಡು ವರ್ಷದ ಮೊಮ್ಮಕ್ಕಳನ್ನ ಫ್ಲಾಟಲ್ಲಿ ಸುಸ್ತು ಮಾಡಿಸೋಕೆ ಹೊರಟಿದೀವಿ ನಾವು.

ಕಿರಣ_ಕನಕಪುರರೋಡ್

ನಿನ್ನೆ ರಾತ್ರಿ ಮಿಸೆಸ್ ಈ ಚರ್ಚೆ ಪೂರ್ತಿ ಓದಿದ್ರು. ಸೋಫಾ ಕೈಯ ವಿಷಯಕ್ಕೆ ಬಂದಾಗ ಫೋನ್ ಕೆಳಗಿಟ್ಟು ನನ್ನನ್ನ ಒಂದು ಸಲ ನೋಡಿದ್ರು, ಅಷ್ಟೇ. ಜನರೇಟರ್ ಬಗ್ಗೆ ವಿಚಾರಿಸಿದೆ, ಏಸಿ ಲೈನಿಗೆ ಕೊಡಲ್ಲವಂತೆ. ಬ್ರೀಡರ್‌ಗೆ ತಾಯಿ ನಾಯಿ ನೋಡ್ಬೇಕು ಅಂತ ಮೆಸೇಜ್ ಹಾಕಿದೆ. "ಮದರ್ ಊರಿಗೆ ಹೋಗಿದೆ ಸಾರ್" ಅಂತ ಉತ್ತರ ಬಂತು. ಅಡ್ವಾನ್ಸ್ ಕೊಟ್ಟಿರಲಿಲ್ಲ, ಬೇಡ ಅಂದೆ.

ಮಗಳಿಗೆ ಹೇಳೋದೇ ಕಷ್ಟ ಆಗಿದೆ. ಗೂಡು ತಪ್ಪಿದವರೇ, ನಿಮ್ಮಲ್ಲಿ ಬರೀ ನಡೆಸೋಕೆ, ಬಾಚೋಕೆ ಮಕ್ಕಳನ್ನ ಬಿಡ್ತೀರಾ? ಭಾನುವಾರ ಕರ್ಕೊಂಡು ಬರ್ತೀನಿ.

ಗೂಡು_ತಪ್ಪಿದವರು

ಧಾರಾಳವಾಗಿ ಬನ್ನಿ, ಬೆಳಗ್ಗೆ ಆರೂವರೆ ಒಳಗೆ. ದೊಡ್ಡವರು ಜೊತೇಲಿರಬೇಕು, ಹಗ್ಗ ನಿಮ್ಮ ಕೈಯಲ್ಲಿ, ಬಾಚಣಿಗೆ ಅವಳ ಕೈಯಲ್ಲಿ. ಈಗ ನಾಲ್ಕು ಹಸ್ಕಿ ಇವೆ, ಒಂದಕ್ಕೆ ಒಂದು ಕಣ್ಣು ನೀಲಿ. ಎಲ್ಲವೂ ಕೂದಲು ಬಿಡ್ತಿವೆ, ಕಪ್ಪು ಪ್ಯಾಂಟ್ ಹಾಕ್ಕೊಂಡು ಬರಬೇಡಿ. ಕಾರಲ್ಲಿ ಹಳೇ ಬೆಡ್‌ಶೀಟ್ ಇದ್ರೆ ಹಾಗೇ ತನ್ನಿ, ನಮಗೂ ಬೇಕು.